ಹುಣಸೆ ಬೀಜದ ಗಂಜಿ ಕುಡಿದ ಕಾರ್ಪೆಟ್

ಹೊಸ ಕಾರ್ಪೆಟ್ ಹಾಸಿದ ಮನೆಯಿಂದ ಮೂರು ತಿಂಗಳೊಳಗೆ ಫೋನ್ ಬಂದರೆ ವಿಷಯ ಸಾಮಾನ್ಯವಾಗಿ ಎರಡೇ. ಯಾರೋ ಸಾರು ಚೆಲ್ಲಿರುತ್ತಾರೆ, ಇಲ್ಲವೇ ನೂಲು ಉದುರುತ್ತಿದೆ ಎಂದು ಜಗಳಕ್ಕೆ ಬರುತ್ತಾರೆ. ಜಾವಗಲ್‌ನಿಂದ ಬಂದ ಫೋನು ಇವೆರಡೂ ಆಗಿರಲಿಲ್ಲ.

"ಅಕ್ಕಾ, ಕಾರ್ಪೆಟ್ಟು ಹಲಗೆ ಆಗೋಗಿದೆ. ನೀವೇ ಬಂದು ನೋಡಿ," ಎಂದರು ಆ ಮನೆಯ ಸೊಸೆ.

"ಹಲಗೆ ಅಂದ್ರೆ?"

"ಹಲಗೆ ಅಂದ್ರೆ ಹಲಗೆ. ತಟ್ಟಿದ್ರೆ ಸದ್ದು ಬರುತ್ತೆ."

ನಾನಾಗ ಬೇಲೂರಿನ ಒಂದು ಕಲ್ಯಾಣಮಂಟಪದಲ್ಲಿ ಮಂಡಿಯೂರಿ ಕುಳಿತು, ವೇದಿಕೆಯ ಕೆಂಪು ಕಾರ್ಪೆಟ್‌ಗೆ ಮೆತ್ತಿದ್ದ ಮೇಣ ಕೆರೆಯುತ್ತಿದ್ದೆ. ಮೂರು ದಿನದಿಂದ ಅದೇ ಕೆಲಸ. ಎರಡೂ ಮಂಡಿ ಊದಿಕೊಂಡಿದ್ದವು. ಅರಸೀಕೆರೆಯ ಅಂಗಡಿಯೊಂದರ ಪರವಾಗಿ ಕಾರ್ಪೆಟ್ ಹಾಸಿಕೊಡುವುದು, ಆಮೇಲೆ ಅದರ ಆರೈಕೆಗೆ ಮನೆಮನೆಗೆ ಹೋಗುವುದು ನನ್ನ ಕೆಲಸ. ಇರುವುದು ಹಳೇಬೀಡಿನಲ್ಲಿ. ಇವತ್ತು ಒಂದು ದಿಕ್ಕಿನ ಬಸ್ಸು, ನಾಳೆ ಇನ್ನೊಂದು ದಿಕ್ಕಿನ ಬಸ್ಸು. ಆ ವಾರ ಜಾವಗಲ್‌ಗೆ ಹೋಗುವ ಮನಸ್ಸು ಚೂರೂ ಇರಲಿಲ್ಲ. ಆದರೂ ನಾಳೆ ಬರುತ್ತೇನೆ ಎಂದುಬಿಟ್ಟೆ. ಆ ಕಾರ್ಪೆಟ್ ಯಾರಿಗಾಗಿ ಹಾಸಿದ್ದೆಂದು ನನಗೆ ಗೊತ್ತಿತ್ತು.

ಅದು ಕೊಬ್ಬರಿ ವ್ಯಾಪಾರದವರ ಮನೆ. ಹೊಸದಾಗಿ ಕಟ್ಟಿಸಿ, ನೆಲಕ್ಕೆಲ್ಲ ಮುಖ ಕಾಣುವಂಥ ಗ್ರಾನೈಟ್ ಹಾಕಿಸಿದ್ದರು. ಮನೆಯ ಅಜ್ಜಿಗೆ ಎರಡು ಕಣ್ಣೂ ಮಂಜು. ಅವರ ಕೋಣೆಯಿಂದ ಬಚ್ಚಲಿಗೆ ಹೋಗಲು ಉದ್ದನೆಯ ಪ್ಯಾಸೇಜು. ಬಚ್ಚಲ ಬಾಗಿಲಿನಲ್ಲಿ ನೆಲ ಒಂದು ಮೆಟ್ಟಿಲು ತಗ್ಗು. ಆ ಮೆಟ್ಟಿಲು ಕಾಣದೆ ಬಿದ್ದು ಅಜ್ಜಿಯ ಸೊಂಟದ ಮೂಳೆ ಮುರಿದಿತ್ತು. ಹಾಸನದಲ್ಲಿ ಆಪರೇಷನ್ ಆಯಿತು. ವಾಕರ್ ಹಿಡಿದು ನಡೆಯಬಹುದು ಎಂದು ಡಾಕ್ಟರು ಹೇಳಿದರೂ ಅಜ್ಜಿ ಗ್ರಾನೈಟ್ ಮೇಲೆ ಕಾಲಿಡಲು ಸುತರಾಂ ಒಪ್ಪಲಿಲ್ಲ. ಕೊನೆಗೆ ಸೊಸೆಯೇ ಅಂಗಡಿಗೆ ಬಂದು, ಮೂರಡಿ ಅಗಲ, ಹದಿನೆಂಟು ಅಡಿ ಉದ್ದಕ್ಕೆ ಉಣ್ಣೆಯ ಕಾರ್ಪೆಟ್ ಕತ್ತರಿಸಿ ಅಂಚು ಹೊಲಿಸಿದರು. ಅಡಿಗೆ ಜಾರದ ರಬ್ಬರ್ ಶೀಟು ಹಾಕಿ ಹಾಸಿದವಳು ನಾನು. ಅಜ್ಜಿ ಅದರ ಮೇಲೆ ಬರಿಗಾಲಲ್ಲಿ ನಿಂತು, "ಕಾಲ್ನ ಗಟ್ಟಿಯಾಗಿ ಹಿಡ್ಕತ್ತದೆ ಕಣವ್ವ," ಎಂದು, ಬಚ್ಚಲವರೆಗೆ ಹೋಗಿ ತಾವೇ ವಾಪಸ್ ಬಂದಿದ್ದರು. ಆವತ್ತು ಬಸ್ಸಿನಲ್ಲಿ ನನಗೆ ಖುಷಿಯಾಗಿತ್ತು.

ಈಗ ಹೋಗಿ ನೋಡಿದರೆ ಸೊಸೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬೆರಳಿನ ಗೆಣ್ಣಿನಿಂದ ತಟ್ಟಿದೆ. ಟಕ್ ಟಕ್ ಎಂದಿತು. ಎಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹೊಳೆಯುತ್ತಿದ್ದವು. ಕೈಯಾಡಿಸಿದರೆ ಜಾರುತ್ತಿತ್ತು. ಮೂಲೆಯಲ್ಲಿ ಇರುವೆ ಸಾಲು. ಹುಳಿಹುಳಿ ವಾಸನೆ.

"ಏನು ಸುರಿದ್ರಿ ಇದಕ್ಕೆ?"

"ನಾನಲ್ಲಪ್ಪ!" ಎಂದು ಸೊಸೆ ಅಜ್ಜಿಯ ಕೋಣೆಯ ಕಡೆ ಕೈ ತೋರಿಸಿದರು. "ನಾಮಕರಣ ಅಂತ ಗಂಡಸಿ ಊರಿಗೆ ಹೋಗಿದ್ದೆ, ನಮ್ಮ ತವರಿಗೆ. ಮೂರು ದಿನ. ಬರೋಷ್ಟರಲ್ಲಿ ಹುಣಸೆ ಬೀಜದ ಗಂಜಿ ಕಾಯಿಸಿ ಬಳಿದುಬಿಟ್ಟಿದ್ದಾರೆ. ಕೊಬ್ಬರಿ ಒಡೆಯೋಕೆ ಬರೋ ಹೆಂಗಸಿನ ಕೈಲಿ ಬೀಜ ಹುರಿಸಿ, ಕುಟ್ಟಿಸಿ, ಕುರ್ಚಿ ಮೇಲೆ ಕೂತು, ಕುರ್ಚಿ ಜರುಗಿಸ್ಕೊಂಡು ಹದಿನೆಂಟಡಿನೂ ಬಳಿದಿದ್ದಾರೆ. ಬಗ್ಗಬೇಡಿ ಅಂತ ಡಾಕ್ಟರು ಬಡ್ಕೊಂಡಿದ್ರು."

ಅಜ್ಜಿಯ ತವರು ಕಂಬಳಿ ನೇಯುವವರ ಮನೆ ಎಂದು ಆಗ ತಿಳಿಯಿತು. ಮಗ್ಗದಿಂದ ಇಳಿಸಿದ ಕಂಬಳಿಗೆ ಹುಣಸೆ ಬೀಜದ ಗಂಜಿ ಬಳಿದರೆ ಎಳೆ ಬಿಗಿಯಾಗುತ್ತದೆ, ನೂಲು ಬಿಡುವುದಿಲ್ಲ. ಹೊಸ ಕಾರ್ಪೆಟ್ಟಿನಿಂದ ದಿನಾ ಹಿಡಿ ಹಿಡಿ ನೂಲು ಉದುರುವುದನ್ನು ಕಂಡ ಅಜ್ಜಿಗೆ, ಗಂಜಿ ಹಾಕದ ಮಾಲನ್ನು ಸೊಸೆಗೆ ಕಟ್ಟಿದ್ದಾರೆ ಎನಿಸಿದೆ. ಹೀಗೇ ಬಿಟ್ಟರೆ ಎರಡು ತಿಂಗಳಲ್ಲಿ ಬೋಳಾಗಿ, ಮತ್ತೆ ಗ್ರಾನೈಟೇ ಗತಿ ಎಂದು ಹೆದರಿದ್ದಾರೆ. ಉಣ್ಣೆಯ ಕಾರ್ಪೆಟ್ಟು ಮೊದಲ ಕೆಲವು ತಿಂಗಳು ನೂಲು ಬಿಟ್ಟೇ ಬಿಡುತ್ತದೆ. ಕತ್ತರಿಸುವಾಗ ಒಳಗೆ ಸಿಕ್ಕಿದ ತುಂಡು ಎಳೆ ಅದು. ಬ್ರಷ್ ತಿರುಗದ ವ್ಯಾಕ್ಯೂಮ್‌ನಿಂದ ವಾರಕ್ಕೆರಡು ಸಲ ಎಳೆದರೆ ಸಾಕು. ಇದನ್ನು ನಾನು ಹಾಸಿದ ದಿನ ಹೇಳಿದ್ದೆ. ಹೇಳಿದ್ದು ಸೊಸೆಗೆ, ಅದೂ ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುತ್ತಾ.

ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಜಾರುವ ಹಲಗೆಯ ಮೇಲೆ ನಡೆಸಲು ಸೊಸೆಗೆ ಧೈರ್ಯವಿಲ್ಲ. ಮಂಚದ ಪಕ್ಕಕ್ಕೆ ನಡುವೆ ತೂತಿರುವ ಕುರ್ಚಿ ತಂದಿಟ್ಟಿದ್ದರು.

"ಹನ್ನೆರಡು ದಿನ ಆಯ್ತಕ್ಕ," ಎಂದರು ಸೊಸೆ, ದನಿ ತಗ್ಗಿಸಿ. "ಅರ್ಧ ಮುದ್ದೆನೂ ಇಳೀತಿಲ್ಲ. ನೀರೂ ಕುಡಿಯಲ್ಲ. ಉಂಡ್ರೆ ಆ ಕುರ್ಚಿ ಮೇಲೆ ಕೂರ್ಬೇಕಲ್ಲ ಅಂತ. ಹೀಗೇ ಇದ್ರೆ ಕಾಲು ಮತ್ತೆ ಬರಲ್ಲ ಅಂತಾರೆ ಡಾಕ್ಟರು. ಹೊಸದು ತರಿಸೋಣ ಅಂದ್ರೆ ನಿಮ್ಮ ಅಂಗಡಿಯವರು ತಿಂಗಳು ಆಗುತ್ತೆ ಅಂದ್ರು."

ಒಂದು ತಿಂಗಳು ಹಾಗೆ ಮಲಗಿದರೆ ಅಜ್ಜಿ ಏಳುವುದಿಲ್ಲ. ಅದನ್ನು ಹೇಳಲು ಡಾಕ್ಟರೇ ಬೇಕಿರಲಿಲ್ಲ.

ಮೊದಲು ಒಣಗಿದ್ದನ್ನೇ ಬಿಡಿಸಲು ನೋಡಿದೆ. ಅಂಚನ್ನು ಮಡಿಸಿ ಗಂಜಿ ಬಿರುಕು ಬಿಡಿಸಿದೆ, ಬಾಚಣಿಗೆ ಎಳೆದೆ. ಗಂಜಿಯ ಜೊತೆ ಉಣ್ಣೆಯೂ ತುಂಡಾಗಿ ಬಂತು. ನಿಲ್ಲಿಸಿದೆ. ಆಮೇಲೆ ಮಾಡಿದ್ದು ನನ್ನ ತಪ್ಪು, ಬೇರೆ ಯಾರದ್ದೂ ಅಲ್ಲ. ಸಂಜೆ ಐದರ ಬಸ್ಸು ಹಿಡಿಯಬೇಕಿತ್ತು, ಮಂಡಿ ಸಿಡಿಯುತ್ತಿತ್ತು, ಬೇಗ ಮುಗಿದರೆ ಸಾಕೆನಿಸಿತ್ತು. ಬಚ್ಚಲ ಬಾಗಿಲ ಹತ್ತಿರದ ತುದಿಗೆ ಗೀಸರಿನ ನೀರನ್ನೇ ಹಾಕಿ ಉಜ್ಜಿದೆ. ಉಣ್ಣೆಗೆ ಬಿಸಿನೀರು ಆಗದು ಎಂದು ನೂರು ಮನೆಯಲ್ಲಿ ಬೇರೆಯವರಿಗೆ ಪಾಠ ಹೇಳಿದವಳು ನಾನು! ಗಂಜಿ ಲೋಳೆಯಾಗಿ ಸರಸರನೆ ಬಂತು. ಅಬ್ಬಾ, ಕೆಲಸ ಆಯಿತು ಎಂದುಕೊಂಡು, ಫ್ಯಾನು ಹಾಕಿ ಬಸ್ಸು ಹತ್ತಿದೆ.

ಮರುದಿನ ಬಂದು ನೋಡಿದರೆ ಒಂದೂವರೆ ಅಡಿ ಜಾಗ ಮುರುಟಿ, ಎಳೆ ಎಳೆ ಹೆಣೆದುಕೊಂಡು, ಮೊದಲಿಗಿಂತ ಗಟ್ಟಿಯಾಗಿತ್ತು. ಗಂಜಿಯಾದರೂ ಕರಗೀತು, ಹಾಗೆ ಮುರುಟಿದ ಉಣ್ಣೆ ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಸೊಸೆ ಬಂದು ನೋಡಿದರು. "ಇಲ್ಲಿ ಗಂಜಿ ಜಾಸ್ತಿ ಬಿದ್ದಿತ್ತೇನೋ," ಎಂದರು. ನಾನು ಹೂಂ ಎಂದೂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ.

ಅಂಗಡಿಯ ವ್ಯಾನಿನಲ್ಲಿ ಆವತ್ತು ದೊಡ್ಡ ಮೆಷಿನ್ ಬಂದಿತ್ತು, ನೀರು ಚಿಮುಕಿಸಿ ತಾನೇ ಹೀರಿಕೊಳ್ಳುವಂಥದ್ದು. ತಣ್ಣೀರು, ಉಣ್ಣೆಯ ಶಾಂಪೂ ಹಾಕಿ ನಡುವಿನಲ್ಲಿ ಎರಡಡಿ ಓಡಿಸಿದೆ. ಗಂಜಿ ನೀರು ಕುಡಿದು ಉಬ್ಬಿ, ಶಾಂಪೂವಿನ ನೊರೆಯ ಜೊತೆ ಸೇರಿ, ಮೆಷಿನ್ನಿನ ಪೈಪಿನಲ್ಲಿ ಗಂಟಲಿಗೆ ಸಿಕ್ಕಿದ ಮುದ್ದೆಯ ಹಾಗೆ ನಿಂತುಬಿಟ್ಟಿತು. ಹೀರುವುದು ನಿಂತಿತು, ಚಿಮುಕಿಸುವುದು ನಿಲ್ಲಲಿಲ್ಲ. ನಾನು ಸ್ವಿಚ್ಚಿಗೆ ಓಡುವಷ್ಟರಲ್ಲಿ ನೀರು ಕಾರ್ಪೆಟ್ಟಿನ ಬೆನ್ನಿಗೆ ಹಾಕಿದ ಸೆಣಬಿನ ಬಟ್ಟೆಯವರೆಗೆ ಇಳಿದಿತ್ತು. ಸೆಣಬು ನೆನೆದರೆ ಕಂದು ಬಣ್ಣ ಬಿಡುತ್ತದೆ, ಅದು ಮೇಲಕ್ಕೆ ಏರುತ್ತದೆ. ಮಧ್ಯಾಹ್ನದ ಹೊತ್ತಿಗೆ ಬೂದು ಬಣ್ಣದ ಕಾರ್ಪೆಟ್ಟಿನ ಮಧ್ಯೆ ಟೀ ಚೆಲ್ಲಿದಂತೆ ಎರಡಡಿ ಕಲೆ ಎದ್ದಿತ್ತು. ನನಗೆ ಅಳು ಬಂತು. ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಅಂಗಡಿಯ ಮ್ಯಾನೇಜರಿಗೆ ಫೋನ್ ಮಾಡಿದೆ.

"ಗಿರಾಕಿಯ ತಪ್ಪು ಅಂತ ಬರೆದು ಕ್ಲೋಸ್ ಮಾಡಮ್ಮ," ಎಂದರು ಅವರು. "ಗಂಜಿ ಹಾಕಿದ್ರೆ ನಾವೇನು ಮಾಡೋಕಾಗುತ್ತೆ? ಸುತ್ತಿ ಹೊರಗಿಡು. ನಾಳೆ ಗಂಡಸಿಯಲ್ಲಿ ಅಳತೆ ತಗೋಬೇಕು, ಅಲ್ಲಿಗೆ ಹೋಗು."

ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಹೊರಡಲು ಹೇಳಿದ್ದು ಕೇಳಿ ನನಗೂ ಒಳಗೊಳಗೇ ಸಮಾಧಾನವಾಗಿದ್ದು ಸುಳ್ಳಲ್ಲ. ಚೀಲಕ್ಕೆ ಬ್ರಷ್ಷು, ಬಟ್ಟೆ ತುಂಬಿ, ಅಜ್ಜಿಗೆ ಒಂದು ಮಾತು ಹೇಳಿ ಹೋಗೋಣವೆಂದು ಕೋಣೆಗೆ ಹೋದೆ. ಮಂಚದ ಪಕ್ಕ ತಟ್ಟೆಯಲ್ಲಿ ಮುದ್ದೆ ಮುರಿಯದೆ ಹಾಗೇ ಒಣಗುತ್ತಿತ್ತು.

"ಬಿಸಾಕ್ತಾರಂತಾ?" ಎಂದರು ಅಜ್ಜಿ, ಗೋಡೆಯ ಕಡೆ ನೋಡುತ್ತಲೇ.

"ಹೂಂ ಅಜ್ಜಿ. ನನ್ನ ಕೈಲಿ ಆಗ್ತಿಲ್ಲ."

"ನಾನೇ ಹಾಳ್ಮಾಡ್ಕಂಡೆ. ನನ್ನ ಕಾಲ್ನ ನಾನೇ ಮುರ್ಕಂಡಂಗಾಯ್ತು."

ನನಗೆ ಯಾಕೋ ರೇಗಿಹೋಯಿತು. ಮಂಡಿ ನೋವಿಗೋ, ಹಸಿವಿಗೋ, ನನ್ನ ಮೇಲೆ ನನಗೇ ಬಂದ ಸಿಟ್ಟಿಗೋ. "ಹಾಕೋದು ಅಷ್ಟು ಚೆನ್ನಾಗಿ ಗೊತ್ತಿದೆಯಲ್ಲ, ತೆಗೆಯೋದು ಗೊತ್ತಿಲ್ವಾ ನಿಮಗೆ?" ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅಜ್ಜಿ ಮೆಲ್ಲಗೆ ಈ ಕಡೆ ತಿರುಗಿದರು. ಮಂಜುಗಣ್ಣಿನಲ್ಲಿ ನನ್ನನ್ನು ಹುಡುಕಿದರು.

"ಯಾರು ಕೇಳಿದ್ರು ನನ್ನ?" ಎಂದರು.

ಎರಡು ದಿನದಿಂದ ಆ ಮನೆಯಲ್ಲಿದ್ದೆ. ಸೊಸೆಯನ್ನು ಕೇಳಿದ್ದೆ, ಮ್ಯಾನೇಜರನ್ನು ಕೇಳಿದ್ದೆ, ಶಾಂಪೂ ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನೂ ಓದಿದ್ದೆ. ಇವರನ್ನು ಕೇಳಿರಲಿಲ್ಲ. ಚೀಲ ಕೆಳಗಿಟ್ಟು ಮಂಚದ ತುದಿಗೆ ಕೂತೆ.

"ಈಗ ಕೇಳ್ತಿದ್ದೀನಿ ಅಜ್ಜಿ. ಹೇಳಿ."

"ಕೈ ಪಳಗದೋರು ಗಂಜಿ ದಪ್ಪ ಬಳಿದ್ಬುಡೋರು. ನಾನೂ ಬಳಿದಿದ್ದೆ, ಮದ್ವೆಗೆ ಮುಂಚೆ. ನಮ್ಮಪ್ಪ ಒಂದ್ಕಿತನೂ ಕಂಬಳಿ ಬಿಸಾಕ್ಲಿಲ್ಲ. ಒದ್ದೆ ಗೋಣಿ ಹೊದಿಸಿ, ನೆರಳಲ್ಲಿ ಬುಡೋನು. ಗಂಜಿ ತಾನಾಗೇ ಉಬ್ಕತ್ತದೆ. ಉಬ್ಬಿದ್ಮೇಲೆ ಕರಟದಾಗೆ ಕೆರೀಬೇಕು, ಕೂದ್ಲು ಮಲ್ಗಿರೋ ಕಡೀಕೇ ಎಳೀಬೇಕು. ಉಜ್ಜಂಗಿಲ್ಲ. ಬಿಸಿನೀರು ತೋರ್ಸಂಗಿಲ್ಲ, ಮುರುಟ್ಕಬುಡ್ತದೆ."

ಕೊನೆಯ ಮಾತು ಕೇಳಿ ನಾನು ನೆಲ ನೋಡಿದೆ.

ಮ್ಯಾನೇಜರಿಗೆ ಮತ್ತೆ ಫೋನ್ ಮಾಡಿ, ಗಂಡಸಿಗೆ ಬೇರೆ ಯಾರನ್ನಾದರೂ ಕಳಿಸಿ, ನನಗೆ ಇಲ್ಲಿ ಮೂರು ದಿನ ಬೇಕು ಎಂದೆ. ಅವರು ಬೈದರು. ಬೈಸಿಕೊಂಡೆ. ಅಂಥ ಮಾಲಿಗೆ ಯಾರೂ ಮೂರು ದಿನ ಕೊಡುವುದಿಲ್ಲ, ನನಗೂ ಗೊತ್ತು. ಆದರೆ ಕಾರ್ಪೆಟ್ಟನ್ನು ಸುತ್ತಿ ಹೊರಗಿಟ್ಟರೆ ಅಜ್ಜಿಯನ್ನೂ ಸುತ್ತಿ ಒಳಗಿಟ್ಟ ಹಾಗಾಗುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಕಾರ್ಪೆಟ್ಟನ್ನು ಹಿತ್ತಲ ಜಗಲಿಗೆ ಒಯ್ದು, ಸಾಲಾಗಿ ಹಾಕಿದ ಮೂರು ಹಗ್ಗದ ಮಂಚಗಳ ಮೇಲೆ ಹಾಸಿದೆವು. ಕೆಳಗಿನಿಂದಲೂ ಗಾಳಿಯಾಡಬೇಕಿತ್ತು. ಅಜ್ಜಿಯನ್ನು ಅವರ ಮಗ ಮತ್ತು ಕೊಬ್ಬರಿ ಮಂಡಿಯ ಒಬ್ಬ ಆಳು ಪ್ಲಾಸ್ಟಿಕ್ ಕುರ್ಚಿ ಸಮೇತ ಎತ್ತಿ ತಂದರು.

"ಹುಷಾರು ಕಣ್ರಲಾ, ತೆಂಗಿನಕಾಯಿ ಮೂಟೆ ಅಲ್ಲ ನಾನು," ಎಂದರು ಅಜ್ಜಿ. ಸೊಸೆ ನಕ್ಕದ್ದನ್ನು ಆ ಮನೆಯಲ್ಲಿ ನಾನು ಮೊದಲು ನೋಡಿದ್ದು ಆಗ.

ದಿನಕ್ಕೆ ಆರಡಿ ಎಂದು ಲೆಕ್ಕ ಹಾಕಿದೆ. ಗೋಣಿಯನ್ನು ನೆನೆಸಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ ಹೊದಿಸಿದೆ. ಹೆಚ್ಚಾದರೆ ಸೆಣಬಿಗೆ ಇಳಿಯುತ್ತದೆ, ಕಡಿಮೆಯಾದರೆ ಗಂಜಿ ಮಿಸುಕುವುದಿಲ್ಲ. ಒಂದು ಗಂಟೆಗೊಮ್ಮೆ ಅಜ್ಜಿ ಗೋಣಿಯ ಕೆಳಗೆ ಹೆಬ್ಬೆರಳು ತೂರಿಸಿ ಒತ್ತಿ ನೋಡುತ್ತಿದ್ದರು. "ಇನ್ನಾ ಇಲ್ಲ." ಮತ್ತೆ ಒಂದು ಗಂಟೆ. "ಇನ್ನಾ ಇಲ್ಲ." ನನಗೆ ಕಾದು ಅಭ್ಯಾಸವಿಲ್ಲ. ಕಾಯುವುದು ಕೆಲಸ ಮಾಡುವುದಕ್ಕಿಂತ ಸುಸ್ತು. ಮಧ್ಯಾಹ್ನ ಅಜ್ಜಿ ಹೆಬ್ಬೆರಳು ತೆಗೆದು ಮೂಸಿ, "ಹೂಂ, ಬಂತು ನೋಡು," ಎಂದರು. ಗೋಣಿ ಸರಿಸಿದರೆ ಎಳೆಗಳ ಮೇಲೆ ಗಂಜಿ ಉಬ್ಬಿ, ಬೆರಳಿಗೆ ಮೆತ್ತಗೆ ಸಿಕ್ಕಿತು.

ತೆಂಗಿನ ಕರಟದ ಅಂಚನ್ನು ಕಲ್ಲಿನ ಮೇಲೆ ಉಜ್ಜಿ ನಯ ಮಾಡಿ ಕೊಟ್ಟಿದ್ದೂ ಅಜ್ಜಿಯೇ. ಒಂದು ಗೀಟು ಎಳೆಯುವುದು, ಕರಟಕ್ಕೆ ಬಂದ ಲೋಳೆಯನ್ನು ಬಟ್ಟೆಗೆ ಒರೆಸುವುದು, ಪಕ್ಕದಲ್ಲಿ ಇನ್ನೊಂದು ಗೀಟು. ಒತ್ತಿದರೆ ಎಳೆ ಕೀಳುತ್ತದೆ, ಒತ್ತದಿದ್ದರೆ ಗಂಜಿ ಬರುವುದಿಲ್ಲ. ಆಮೇಲೆ ತಣ್ಣೀರಲ್ಲಿ ಹಿಂಡಿದ ಬಟ್ಟೆಯಿಂದ ಒತ್ತಿ ತೆಗೆಯುವುದು. ಕಂದು ಕಲೆಯಿದ್ದಲ್ಲಿ ನೀರಿಗೆ ಸ್ವಲ್ಪ ವಿನೆಗರ್. ಕೊನೆಗೆ ಒಣ ಟವೆಲ್ಲು, ಮಂಚದ ಅಡಿಗೊಂದು ಫ್ಯಾನು. ಮೊದಲ ಆರಡಿ ಮುಗಿಯುವಾಗ ನನ್ನ ಬಲಗೈ ಎತ್ತಲು ಬರುತ್ತಿರಲಿಲ್ಲ.

"ಮಂಡಿ ಊರ್ಬೇಡ ಕಣವ್ವ. ಕುಸೀತಾ ಐತೆ ನಿನ್ನ ಕಾಲು, ನಡೆಯೋ ಸದ್ದಲ್ಲೇ ಗೊತ್ತಾಯ್ತದೆ," ಎಂದು ಅಜ್ಜಿ ಒಳಗಿನಿಂದ ಸ್ಟೂಲು ತರಿಸಿದರು. ಇಷ್ಟು ವರ್ಷದ ಕೆಲಸದಲ್ಲಿ ನನ್ನ ಮಂಡಿಯ ವಿಷಯ ಮಾತಾಡಿದ ಮೊದಲ ಗಿರಾಕಿ ಅವರು. ಸ್ಟೂಲಿನ ಮೇಲೆ ಕೂತೆ.

ಮರುದಿನ ಸೊಸೆಯೂ ಒಂದು ಕರಟ ಹಿಡಿದು ಎದುರಿಗೆ ಕೂತರು.

"ನನಗೆ ಒಂದ್ಮಾತು ಕೇಳಬಾರದಿತ್ತಾ ಅತ್ತೆ? ನೂಲು ಉದುರೋದು ಮಾಮೂಲಿ ಅಂತ ಹೇಳ್ತಿದ್ದೆ."

"ನೀನು ಹೇಳಬಾರದಿತ್ತಾ? ಅದ್ರ ಮ್ಯಾಲೆ ನಡ್ಯೋಳು ನಾನಲ್ವೇನೇ?"

ಸೊಸೆ ನನ್ನ ಮುಖ ನೋಡಿದರು. "ತಪ್ಪು ನನ್ನದು," ಎಂದೆ ನಾನು. "ಬಾಗಿಲಲ್ಲಿ ನಿಂತು ಇವರಿಗೆ ಹೇಳಿ ಓಡಿದೆ. ನಿಮಗೆ ಕೂತು ಹೇಳಬೇಕಿತ್ತು." ಅಜ್ಜಿ ಗೋಣಿಯ ಕೆಳಗೆ ಹೆಬ್ಬೆರಳು ತೂರಿಸಿದರು. ಆವತ್ತು ಅವರು ಮಧ್ಯಾಹ್ನ ಒಂದು ಮುದ್ದೆ ಪೂರ್ತಿ ಉಂಡರು. ಮತ್ತೆರಡು ಲೋಟ ಮಜ್ಜಿಗೆ ಕುಡಿದರು. ಆಮೇಲೆ ಆ ತೂತಿನ ಕುರ್ಚಿಯಲ್ಲಿ ಕೂರಬೇಕಾಗಿಯೂ ಬಂತು. ಬೈದುಕೊಂಡೇ ಕೂತರು.

ಹಿಂದಿನ ರಾತ್ರಿಯೇ ಗೋಣಿ ಹೊದಿಸಿದ್ದರಿಂದ ಐದನೆಯ ದಿನ ಮಧ್ಯಾಹ್ನಕ್ಕೆ ಕೆರೆಯುವ ಕೆಲಸ ಮುಗಿಯಿತು. ಹೊಸದಾಗಿ ಕಾಣುತ್ತಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಲ್ಲಲ್ಲಿ ಎಳೆ ತೆಳ್ಳಗಾಗಿತ್ತು. ಕಂದು ಕಲೆ ಮಾಸಿತ್ತು, ಹೋಗಿರಲಿಲ್ಲ. ಮೇಲೆದ್ದ ಎಳೆಗಳನ್ನು ಎಳೆಯದೆ ಕತ್ತರಿಯಲ್ಲಿ ಸಮ ಮಾಡಿದೆ. ಎಳೆದರೆ ಇಡೀ ಸಾಲು ಬಿಚ್ಚಿಕೊಳ್ಳುತ್ತದೆ ಎಂದು ಈ ಸಲ ಇಬ್ಬರಿಗೂ ತೋರಿಸಿದೆ. ಆದರೆ ಕೈಯಿಟ್ಟರೆ ಉಣ್ಣೆ ಒತ್ತಿಕೊಂಡು ಮೇಲೇಳುತ್ತಿತ್ತು. ಒಂದೂವರೆ ಅಡಿ ಬಿಟ್ಟು. ಬಚ್ಚಲ ತುದಿಯ ಆ ಜಾಗವನ್ನು ಅಜ್ಜಿಯ ಗೋಣಿಗೂ, ಕರಟಕ್ಕೂ ಮೆತ್ತಗೆ ಮಾಡಲಾಗಲಿಲ್ಲ.

ಒಣಗಿದ ಮೇಲೆ ರಬ್ಬರ್ ಶೀಟು ಒರೆಸಿ, ಪ್ಯಾಸೇಜಿನಲ್ಲಿ ಕಾರ್ಪೆಟ್ ಹಾಸಿದೆವು. ಅಜ್ಜಿ ತಮ್ಮ ಕೋಣೆಯ ಹೊಸ್ತಿಲಲ್ಲಿ ಕುರ್ಚಿಯ ಮೇಲೆ ಕೂತು ಸದ್ದು ಕೇಳಿಸಿಕೊಳ್ಳುತ್ತಿದ್ದರು. ನಾನು ಕತ್ತರಿ ಹಿಡಿದು ಅವರ ಹತ್ತಿರ ಹೋದೆ.

"ಅಜ್ಜಿ, ಆ ತುದಿ ಗಟ್ಟಿಯಾಗಿರೋದು ನಿಮ್ಮ ಗಂಜಿಯಿಂದ ಅಲ್ಲ. ನಾನು ಬಿಸಿನೀರು ಹಾಕಿದ್ದೆ, ಮೊದಲ ದಿನ. ಹೇಳೋಕೆ ನಾಚಿಕೆ ಆಯ್ತು. ಅದೊಂದು ತುಂಡು ಕತ್ತರಿಸಿ, ಅಂಚು ಹೊಲಿಸಿ ಕೊಡ್ತೀನಿ. ಬಚ್ಚಲ ಹತ್ತಿರ ಒಂದೂವರೆ ಅಡಿ ಬರಿ ನೆಲ ಉಳಿಯುತ್ತೆ, ಅಲ್ಲಿಗೆ ಬೇರೆ ಏನಾದ್ರೂ ಹಾಕೋಣ."

"ಗೊತ್ತಿತ್ತು ಬುಡು," ಎಂದರು ಅಜ್ಜಿ. "ಬಿಸಿನೀರು ಕಂಡ ಉಣ್ಣೆ ನನ್ನ ಕೈಗೆ ಗೊತ್ತಾಗಲ್ವಾ?"

ಎರಡು ದಿನದಿಂದ ಗೊತ್ತಿದ್ದೂ ಸೊಸೆಯ ಎದುರು ಅವರು ಬಾಯಿ ಬಿಟ್ಟಿರಲಿಲ್ಲ. ನನ್ನ ಕಿವಿಯೆಲ್ಲ ಬಿಸಿಯಾಯಿತು. ಅಜ್ಜಿ ವಾಕರ್ ಕೇಳಿ ಪಡೆದು ಎದ್ದು ನಿಂತರು. ಸೊಸೆ ಹಿಂದೆ, ನಾನು ಪಕ್ಕದಲ್ಲಿ. ಇಬ್ಬರೂ ಮುಟ್ಟಲಿಲ್ಲ. ಬರಿಗಾಲನ್ನು ಕಾರ್ಪೆಟ್ಟಿನ ಮೇಲೆ ಇಟ್ಟು, ಬೆರಳು ಅಗಲಿಸಿ ಒತ್ತಿ ನೋಡಿದರು. ಒಂದು ಹೆಜ್ಜೆ. ವಾಕರ್ ಮುಂದಕ್ಕೆ. ಇನ್ನೊಂದು ಹೆಜ್ಜೆ. ಹದಿನೆಂಟು ಅಡಿಗೆ ಎಷ್ಟು ಹೊತ್ತಾಯಿತೋ, ನಾನು ಲೆಕ್ಕ ಇಡಲಿಲ್ಲ.

ಬಚ್ಚಲ ಹತ್ತಿರ ಅವರ ಕಾಲು ಆ ಗಟ್ಟಿ ಜಾಗಕ್ಕೆ ತಾಗಿತು. ಅಜ್ಜಿ ಥಟ್ಟನೆ ನಿಂತರು. ಬಲಗಾಲನ್ನು ಹಿಂದಕ್ಕೆಳೆದು ಮೆತ್ತನೆಯದರ ಮೇಲೆ ಇಟ್ಟರು, ಮತ್ತೆ ಗಟ್ಟಿಯದರ ಮೇಲೆ ಇಟ್ಟರು. ಹಾಗೆ ಎರಡು ಸಲ ಮಾಡಿದರು.

"ಕತ್ತರಿ ಒಳೀಕಿಟ್ಕ," ಎಂದರು. "ಇದು ಇಲ್ಲೇ ಇರ್ಲಿ."

"ಯಾಕೆ ಅತ್ತೆ? ಚೆನ್ನಾಗಿ ಕಾಣಲ್ಲ," ಎಂದರು ಸೊಸೆ.

"ನನಗೆ ಕಾಣಾದೇ ಇಲ್ಲ. ಇದು ಕಾಲಿಗೆ ಸಿಕ್ತು ಅಂದ್ರೆ ಮುಂದ್ಲ ಹೆಜ್ಜೆ ಮೆಟ್ಲು ಅಂತ ಗೊತ್ತಾಯ್ತದೆ. ಅವತ್ತು ಇದೊಂದಿದ್ದಿದ್ರೆ ನಾನು ಬೀಳ್ತಾನೇ ಇರ್ಲಿಲ್ಲ."

ಅಜ್ಜಿ ಎಡಗೈ ಚಾಚಿದರು. ಚಿಲಕ ಅಲ್ಲೇ ಸಿಕ್ಕಿತು. ಮೆಟ್ಟಿಲನ್ನು ಕಾಲಿನಿಂದ ತಡವಿ, ನಿಧಾನವಾಗಿ ಇಳಿದು, ನಮ್ಮಿಬ್ಬರ ಮುಖಕ್ಕೆ ಬಾಗಿಲು ಹಾಕಿಕೊಂಡರು.